ಹಸಿರು ಚೀಟಿ

ಮಾರ್ಚ್ 4, ಮಂಗಳವಾರ

ಮುಂದಿನ ವಾರ ಹೊರಗಿನವರು ಪ್ರಯೋಗಾಲಯ ನೋಡಲು ಬರುತ್ತಾರಂತೆ. ಇಲ್ಲಿನ ಮುಖ್ಯಸ್ಥರಾದ ದೊಡ್ಡ ಸರ್ ಬೆಳಿಗ್ಗೆಯೇ ಉಗ್ರಾಣಕ್ಕೆ ಬಂದು, ಮೂರನೆಯ ಮಹಡಿಯ ಕಪಾಟುಗಳೆಲ್ಲ ಖಾಲಿಯಾಗಬೇಕು ಎಂದರು. ಇಪ್ಪತ್ತೆರಡು ವರ್ಷಗಳಿಂದ ಈ ಉಗ್ರಾಣ ನನ್ನ ಕೈಯಲ್ಲಿದೆ. ಯಾವ ರಾಸಾಯನಿಕ ಎಲ್ಲಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆದರೂ ಒಣಗಿಸುವ ಓವನ್ನಿನ ಪಕ್ಕದಲ್ಲಿ ಹದಿನಾಲ್ಕು ಗಾಜಿನ ಬಾಟಲಿಗಳು ಎಂಟು ತಿಂಗಳಿಂದ ಕೂತಿದ್ದದ್ದು ಮರೆತೇ ಹೋಗಿತ್ತು. ಸಂಶೋಧಕರು ಬಳಸಿ ಬಿಟ್ಟ ಅಯಾನಿಕ್ ಲಿಕ್ವಿಡ್. ಅದೊಂದು ಬಗೆಯ ಉಪ್ಪು, ಆದರೆ ಕಾಯಿಸದೆಯೇ ದ್ರವವಾಗಿರುತ್ತದೆ. ಜೇನಿನಷ್ಟು ಮಂದ. ವಾಸನೆಯಿಲ್ಲ, ಆವಿಯಾಗುವುದಿಲ್ಲ, ಬೆಂಕಿಯೂ ಹತ್ತುವುದಿಲ್ಲ. ಅದರ ಮೇಲೆ ನಾಲ್ಕು ಬೆರಳಷ್ಟು ನೀರು ನಿಂತಿತ್ತು. ಗಾಜು ಒಳಗಿನಿಂದ ಮಸುಕಾಗಿತ್ತು. ಕೊಳೆ ಹಿಡಿದಿದೆ ಎಂದುಕೊಂಡೆ.

ಎಲ್ಲದರ ಮೇಲೂ ನನ್ನ ಹಸಿರು ಚೀಟಿ ಇತ್ತು. ಚೀಟಿಯ ಈ ಏರ್ಪಾಟು ಮಾಡಿದವಳು ನಾನೇ. ಕೆಂಪು ಕಂಡರೆ ಮುಟ್ಟದೆ ನನ್ನನ್ನು ಕರೆಯಬೇಕು. ಹಳದಿಗೆ ಗ್ಲೌಸ್ ಬೇಕು. ಹಸಿರನ್ನು ಮನೆಯ ಪಾತ್ರೆಯ ಹಾಗೆ ತೊಳೆಯಬಹುದು. ಹೆಚ್ಚು ಓದದವರಿಗೂ ತಿಳಿಯಲಿ ಎಂದು ಮಾಡಿದ್ದು. ದೊಡ್ಡ ಸರ್ ಒಮ್ಮೆ ಸಭೆಯಲ್ಲಿ ಇದನ್ನು ಹೊಗಳಿದ್ದರು.

ತೊಳೆಯುವ ಕೆಲಸ ತಂಗಿಯದು. ಗಂಡ ಬಿಟ್ಟುಹೋದ ಮೇಲೆ ಅವಳನ್ನು ಇಲ್ಲಿಗೆ ಸೇರಿಸಿದವಳೂ ನಾನೇ, ಆರು ವರ್ಷವಾಯಿತು. ಬಾಟಲಿಗಳನ್ನು ನೋಡಿ, ಅಕ್ಕಾ, ಇದು ಕೈಗೆ ಏನಾದ್ರೂ ಮಾಡುತ್ತಾ ಎಂದು ಕೇಳಿದಳು. ಹಸಿರು ಕಾಣುವುದಿಲ್ಲವೇ, ಇದಕ್ಕೆಲ್ಲ ಗ್ಲೌಸ್ ಬೇಡ, ಬಿಸಿನೀರು ಬಿಟ್ಟು ಬ್ರಷ್ ಹಾಕಿ ಉಜ್ಜು ಎಂದೆ. ಆದರೂ ತೆಳು ಗ್ಲೌಸ್ ಹಾಕಿಕೊಂಡಳು. ಒಂದು ವಿಷಯಕ್ಕೆ ನಾಲ್ಕು ಸಲ ಅನುಮಾನಪಡುವುದು ಅವಳ ಹುಟ್ಟುಗುಣ. ಮುಚ್ಚಳ ತೆಗೆದಾಗ ಒಂದೆರಡು ಬಾಟಲಿ ಸುಸ್ಸೆಂದವು. ಮೂಗು ಚುರುಗುಟ್ಟುತ್ತಿದೆ ಎಂದಳು. ಕಿಟಕಿ ತೆಗೆಯಲು ಹೇಳಿದೆ. ನಾಲ್ಕೂವರೆಗೆ ಹದಿನಾಲ್ಕೂ ಮುಗಿದವು. ಉಜ್ಜಿದರೂ ಗಾಜಿನ ಮಸುಕು ಮಾತ್ರ ಹೋಗಲಿಲ್ಲವಂತೆ.

ಸಂಜೆ ಮನೆಗೆ ಬಂದಾಗಿನಿಂದ ಬಲಗೈ ಬೆರಳುಗಳ ತುದಿ ನೋಯುತ್ತಿದೆ ಎನ್ನುತ್ತಿದ್ದಾಳೆ. ಉಗುರಿನ ಒಳಗೆ ಯಾರೋ ಸೂಜಿ ಹಾಕಿ ತಿರುವಿದ ಹಾಗೆ ಆಗುತ್ತದಂತೆ. ನೋಡಿದೆ, ಕೆಂಪಿಲ್ಲ, ಬೊಬ್ಬೆಯಿಲ್ಲ. ಸೋಪಿನ ಪುಡಿ ಆಗಿಬಂದಿಲ್ಲ, ಎಣ್ಣೆ ಹಚ್ಚು ಎಂದು ಹೇಳಿ ಬಟ್ಟೆ ಮಡಿಸಲು ಕೂತೆ.

ಮಾರ್ಚ್ 5, ಬುಧವಾರ

ಆಸ್ಪತ್ರೆಯ ಪಡಸಾಲೆಯಲ್ಲಿ ಕೂತು ಬರೆಯುತ್ತಿದ್ದೇನೆ.

ಬೆಳಿಗ್ಗೆ ನೋಡಿದರೆ ತೋರುಬೆರಳು, ನಡುಬೆರಳು ಬೂದಿ ಬಣ್ಣಕ್ಕೆ ತಿರುಗಿದ್ದವು. ಎಂಟು ಗಂಟೆಗೆ ಇಲ್ಲಿಗೆ ಕರೆತಂದೆ. ಸರದಿಯಲ್ಲಿದ್ದ ವೈದ್ಯರು ಯಾವ ರಾಸಾಯನಿಕ ಎಂದು ಕೇಳಿದರು. ನಾನು ನಿಧಾನವಾಗಿ, ತಿಳಿದವಳ ಹಾಗೆ ವಿವರಿಸಿದೆ: ಅದೊಂದು ದ್ರವರೂಪದ ಉಪ್ಪು, ಆಮ್ಲವಲ್ಲ, ಕ್ಷಾರವಲ್ಲ, ಆವಿಯಾಗುವುದೂ ಇಲ್ಲ, ಪ್ರಯೋಗಾಲಯದಲ್ಲಿ ಅದಕ್ಕಿಂತ ಸಾಧು ವಸ್ತು ಇನ್ನೊಂದಿಲ್ಲ. ಅವರು ಬರೆದುಕೊಂಡರು. ಸುಟ್ಟ ಗಾಯದ ಮುಲಾಮು, ನೋವಿನ ಮಾತ್ರೆ ಕೊಟ್ಟು ಕಳಿಸಿದರು. ಅವಳನ್ನು ಮನೆಯಲ್ಲಿ ಬಿಟ್ಟು ನಾನು ಕೆಲಸಕ್ಕೆ ಹೋದೆ. ಕಪಾಟುಗಳ ಪಟ್ಟಿ ಅರ್ಧಕ್ಕೆ ನಿಂತಿತ್ತು.

ಎರಡು ಗಂಟೆಗೆ ಅವಳ ಮಗಳ ಫೋನು. ಅವಳಿಗೆ ಹನ್ನೊಂದು ವರ್ಷ, ಇವತ್ತು ಶಾಲೆಗೆ ಹೋಗಿರಲಿಲ್ಲ. "ದೊಡ್ಡಮ್ಮಾ, ಅಮ್ಮ ತಲೆ ಗೋಡೆಗೆ ಚಚ್ಚಿಕೊಳ್ತಿದಾಳೆ. ನಾನು ಮಧ್ಯೆ ದಿಂಬು ಇಟ್ಟಿದೀನಿ" ಎಂದಿತು ಮಗು. ಅಳುತ್ತಿರಲಿಲ್ಲ.

ಮತ್ತೆ ಇಲ್ಲಿಗೆ ಓಡಿಬಂದೆವು. ಈ ಸಲ ನೋಡಿದವರು ಕೈಯ ಶಸ್ತ್ರಚಿಕಿತ್ಸೆ ಮಾಡುವ ವೈದ್ಯೆ. ನನಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ನನ್ನ ವಿವರಣೆಯನ್ನು ಅರ್ಧಕ್ಕೇ ನಿಲ್ಲಿಸಿದರು. "ನಿಮ್ಮ ಅಭಿಪ್ರಾಯ ಬೇಡ. ಆ ವಸ್ತುವಿನ ಜೊತೆ ಬಂದ ಸುರಕ್ಷತಾ ಹಾಳೆ ತನ್ನಿ. ಈಗಲೇ."

ತಂದುಕೊಟ್ಟೆ. ಅವರು ಒಂಬತ್ತನೆಯ ಪುಟ ತೆಗೆದು ಓದಿದರು, ಎದ್ದು ಹೋಗಿ ಯಾರನ್ನೋ ಕೂಗಿದರು. ಆಮೇಲೆ ಎಲ್ಲರೂ ಓಡಾಡತೊಡಗಿದರು. ಈಗ ಒಳಗೆ ಅವಳ ತೋಳಿನ ನರಕ್ಕೆ ಕ್ಯಾಲ್ಸಿಯಂ ಹರಿಸುತ್ತಿದ್ದಾರೆ. ಹೃದಯದ ಬಡಿತ ನೋಡುವ ಯಂತ್ರವನ್ನೂ ಹಚ್ಚಿದ್ದಾರೆ. ಬೆರಳಿನ ನೋವಿಗೆ ಹೃದಯವನ್ನು ಯಾಕೆ ನೋಡುತ್ತಾರೋ ನನಗೆ ತಿಳಿಯಲಿಲ್ಲ. ಕೇಳಲಿಲ್ಲ.

ಮಾರ್ಚ್ 6, ಗುರುವಾರ

ಹಾಳೆಯಲ್ಲಿ ಹನ್ನೆರಡು ಪುಟಗಳಿವೆ. ವಸ್ತು ಬಂದ ದಿನ ನಾನು ಎರಡು ಪುಟ ಓದಿ ಕಡತಕ್ಕೆ ಸೇರಿಸಿದ್ದೆ. ಇವತ್ತು ಎಲ್ಲವನ್ನೂ ಓದಿದೆ.

ಒಂಬತ್ತನೆಯ ಪುಟದಲ್ಲಿ ಹೀಗಿದೆ: ತೇವದಿಂದ ದೂರವಿಡಿ. ನೀರು ಮತ್ತು ಶಾಖ ತಗುಲಿದರೆ ಕಾಲಕ್ರಮೇಣ ಒಡೆದು ಹೈಡ್ರೋಫ್ಲೋರಿಕ್ ಆಮ್ಲ ಉಂಟಾಗಬಹುದು. ಆಮ್ಲಗಳ ಜೊತೆ ಸೇರಿದರೆ ಇನ್ನೂ ಬೇಗ. ಹಳೆಯ ದ್ರವವನ್ನು ಗಾಜಿನಲ್ಲಿ ಇಡಬೇಡಿ.

ಎಂಟು ತಿಂಗಳು ಅದು ನೀರಿನ ಕೆಳಗೆ, ಓವನ್ನಿನ ಬಿಸಿಗೆ, ಗಾಜಿನಲ್ಲೇ ಕೂತಿತ್ತು. ಬಾಟಲಿಯ ಮಸುಕು ಕೊಳೆಯಲ್ಲ. ಆಮ್ಲ ಗಾಜನ್ನೇ ತಿಂದಿತ್ತು.

ಆ ಆಮ್ಲ ಚರ್ಮದ ಮೇಲೆ ನಿಲ್ಲುವುದಿಲ್ಲವಂತೆ, ವೈದ್ಯೆ ಹೇಳಿದರು. ಮೊದಲು ಏನೂ ಕಾಣುವುದಿಲ್ಲ. ಒಳಗಿಳಿದು ಮೂಳೆಯ ಕ್ಯಾಲ್ಸಿಯಮ್ಮನ್ನು ಹುಡುಕಿಕೊಂಡು ಹೋಗುತ್ತದೆ. ಹೆಚ್ಚು ತಗುಲಿದ್ದರೆ ರಕ್ತದ ಕ್ಯಾಲ್ಸಿಯಂ ಇಳಿದು ಹೃದಯವೇ ನಿಲ್ಲಬಹುದಿತ್ತು. ಮೊದಲ ಗಂಟೆಯಲ್ಲೇ ಕ್ಯಾಲ್ಸಿಯಂ ಜೆಲ್ ಹಚ್ಚಿದ್ದರೆ ಬಹುಶಃ ಕೈ ಪೂರ್ತಿ ಉಳಿಯುತ್ತಿತ್ತು. ನಿನ್ನೆ ಬೆಳಿಗ್ಗೆ ಎಂಟಕ್ಕೆ ಗೊತ್ತಾಗಿದ್ದರೂ ಈಗಿನದಕ್ಕಿಂತ ಮೇಲಿರುತ್ತಿತ್ತು.

ಯಾರ ತಪ್ಪು ಎಂದು ಅವರು ಕೇಳಲಿಲ್ಲ.

ಇಷ್ಟಾದರೂ ಒಂದು ಮಾತು. ಅವಳು ಬ್ರಷ್ ಹಿಡಿಯುವ ಬದಲು ಕೈ ಒಳಗೆ ಹಾಕಿ ಉಜ್ಜಿರಬೇಕು. ಯಾವಾಗಲೂ ಹಾಗೇ ಮಾಡುತ್ತಾಳೆ.

ಮಾರ್ಚ್ 9, ಭಾನುವಾರ

ದೊಡ್ಡ ಸರ್ ಆಸ್ಪತ್ರೆಗೆ ಬಂದಿದ್ದರು. ಹಣ್ಣು ತಂದಿದ್ದರು. ತಂಗಿಯ ಹತ್ತಿರ ಒಳ್ಳೆಯ ಮಾತಾಡಿದರು. ಅವಳು ಎದ್ದು ಕೂರಲು ಹೋದಾಗ ಬೇಡ ಬೇಡ ಎಂದರು. ಹೊರಗೆ ಬಂದ ಮೇಲೆ ಲಿಫ್ಟಿನ ಹತ್ತಿರ ನಿಂತು, ಅವಳು ಗ್ಲೌಸ್ ಹಾಕಿರಲಿಲ್ಲ ಅಲ್ಲವೇ ಎಂದು ಕೇಳಿದರು. ಕೇಳಿದರೋ ಹೇಳಿದರೋ ಸರಿಯಾಗಿ ತಿಳಿಯಲಿಲ್ಲ. ತೆಳು ಗ್ಲೌಸ್ ಇತ್ತು ಸರ್ ಎಂದೆ. ಯಾರಾದರೂ ನೋಡಿದ್ದಾರೆಯೇ ಎಂದರು. ಅಷ್ಟರಲ್ಲಿ ಲಿಫ್ಟ್ ಬಂತು.

ವಿಚಾರಣೆಗೆ ಕೊಡುವ ವರದಿಯನ್ನು ನೀವೇ ಬರೆಯಿರಿ, ನಿಮ್ಮ ಬರಹ ಅಚ್ಚುಕಟ್ಟು ಎಂದು ಹೋದರು.

ಮಾರ್ಚ್ 12, ಬುಧವಾರ

ವರದಿಯ ಕರಡು ಮೂರು ಸಲ ಬರೆದೆ. ಕೊನೆಯದರಲ್ಲಿ ಹೀಗಿದೆ: "ಪ್ರಯೋಗಾಲಯದಲ್ಲಿ ಕೈಗವಸು ಬಳಸಬೇಕೆಂಬ ಸಾಮಾನ್ಯ ಸೂಚನೆ ಜಾರಿಯಲ್ಲಿದೆ. ಸಂಬಂಧಪಟ್ಟ ಸಿಬ್ಬಂದಿಗೆ ವಸ್ತುವಿನ ಬಗ್ಗೆ ಮೌಖಿಕವಾಗಿ ತಿಳಿಸಲಾಗಿತ್ತು."

ಒಂದೊಂದು ಮಾತೂ ನಿಜ. ಸೂಚನೆ ಗೋಡೆಯ ಮೇಲಿದೆ. ನಾನು ಮೌಖಿಕವಾಗಿ ತಿಳಿಸಿದ್ದೂ ಹೌದು. ಏನು ತಿಳಿಸಿದೆ ಎಂದು ವರದಿ ಕೇಳುವುದಿಲ್ಲ.

ಹೊರಗಿನವರು ಬಂದು ನೋಡಿ ಹೋದರು. ಮೂರನೆಯ ಮಹಡಿ ಬಹಳ ಚೊಕ್ಕಟವಾಗಿದೆ ಎಂದರಂತೆ.

ಮಾರ್ಚ್ 15, ಶನಿವಾರ

ಕಟ್ಟು ಬಿಚ್ಚಿದಾಗ ಪಕ್ಕದಲ್ಲಿದ್ದೆ. ಎರಡು ಬೆರಳ ತುದಿ ಕಪ್ಪಾಗಿವೆ, ಸೀದ ಬತ್ತಿಯ ಹಾಗೆ. ಹೆಬ್ಬೆರಳು ಉಳಿಯುತ್ತದೆ ಎಂದರು ವೈದ್ಯೆ. ಅದು ಒಳ್ಳೆಯ ಸುದ್ದಿ ಎನ್ನುವಂತೆ ಹೇಳಿದರು. ಅವರ ಲೆಕ್ಕದಲ್ಲಿ ಅದು ಒಳ್ಳೆಯ ಸುದ್ದಿಯೇ ಇರಬೇಕು.

ಆಪರೇಷನ್ನಿಗೆ ಒಪ್ಪಿಗೆ ಕೊಡಲು ತಂಗಿಗೆ ಹೇಳಿದೆ. ಯೋಚಿಸುತ್ತೇನೆ ಎಂದಳು. ಯೋಚಿಸುವುದೇನಿದೆ ಎಂದು ಕಾಗದ ತೆಗೆದುಕೊಂಡು ನಾನೇ ಸಹಿ ಹಾಕಲು ಹೋದೆ. ರೋಗಿಗೆ ಪ್ರಜ್ಞೆ ಇದೆ, ಅವರೇ ಹಾಕಬೇಕು ಎಂದು ನರ್ಸ್ ಕಾಗದ ವಾಪಸು ತೆಗೆದುಕೊಂಡರು. ತಂಗಿ ಎಡಗೈಯಲ್ಲಿ ಗೀಚಿದಳು. ನನ್ನ ಕಡೆ ನೋಡಲಿಲ್ಲ.

ಮಾರ್ಚ್ 18, ಮಂಗಳವಾರ

ತೋರುಬೆರಳಿನ ಒಂದು ಗೆಣ್ಣು. ನಡುಬೆರಳಿನ ಎರಡು.

ಮಾರ್ಚ್ 19, ಬುಧವಾರ

ಬರೆಯಲು ಏನೂ ಇಲ್ಲ.

ಮಾರ್ಚ್ 24, ಸೋಮವಾರ

ಮನೆಗೆ ಕರೆತಂದೆವು. ನಮ್ಮದು ಎರಡು ಕೋಣೆಯ ಮನೆ. ಕಿಟಕಿ ಇರುವ ಕೋಣೆಯನ್ನು ಅವಳಿಗೆ ಬಿಟ್ಟೆ. ಬೀಗದ ಕೈ, ರವಿಕೆಯ ಹುಕ್ಕು, ನಲ್ಲಿಯ ತಿರುಪು, ಬಾಚಣಿಗೆ ಎಲ್ಲವೂ ಬಲಗೈಯ ಆ ಎರಡು ಬೆರಳನ್ನೇ ನಂಬಿ ಮಾಡಿದಂತಿವೆ. ಇಷ್ಟು ದಿನ ಯಾರಿಗೆ ಗೊತ್ತಿತ್ತು!

ಮಗಳಿಗೆ ಜಡೆ ಹಾಕುವ ಕೆಲಸ ನನಗೆ ಬಂದಿದೆ. ನಾನು ಹಾಕಿದ ಜಡೆ ನೋಡಿ ಮಗು, "ದೊಡ್ಡಮ್ಮ ನನ್ನ ತಲೆಗೂ ಪಾರ್ಸೆಲ್ ಕಟ್ಟಿದ ಹಾಗೆ ಕಟ್ಟಿದಾಳೆ" ಎಂದಿತು. ತಂಗಿ ನಕ್ಕಳು. ಇಪ್ಪತ್ತು ದಿನಗಳಲ್ಲಿ ಮೊದಲ ಸಲ. ನಗುವಾಗ ಕೈಯನ್ನು ಎದೆಗೆ ಒತ್ತಿಕೊಂಡಿದ್ದಳು. ಇಲ್ಲದ ತುದಿಗಳು ಇನ್ನೂ ನೋಯುತ್ತವಂತೆ.

ಅವಳು ಕೈ ಒಳಗೆ ಹಾಕಿ ಉಜ್ಜಿರಬೇಕು ಎಂದು ಈ ಪುಸ್ತಕದಲ್ಲೇ ಬರೆದಿದ್ದೆ. ಆ ಬಾಟಲಿಗಳ ಬಾಯಿ ಎರಡು ಬೆರಳಗಲ. ಯಾರ ಕೈಯೂ ಹೋಗುವುದಿಲ್ಲ. ಬ್ರಷ್ಷಿನಿಂದ ಸಿಡಿದದ್ದು ತೆಳು ಗ್ಲೌಸಿನೊಳಗೆ ಇಳಿದಿದೆ. ಬ್ರಷ್ ಕೊಟ್ಟವಳು ನಾನು.

ಮಾರ್ಚ್ 28, ಶುಕ್ರವಾರ

ಉಗ್ರಾಣದಲ್ಲಿ ಆ ದ್ರವ ಎಲ್ಲೆಲ್ಲಿ ಉಳಿದಿದೆ ಎಂದು ಹುಡುಕಿದೆ. ಹೊಸದು ಆರು ಬಾಟಲಿ, ಬಳಸಿದ್ದು ಮೂರು. ಬಳಸಿದ್ದರ ಒಂದು ಬಾಟಲಿ ಆಗಲೇ ಒಳಗಿನಿಂದ ಮಸುಕಾಗಿತ್ತು. ದಪ್ಪ ಗ್ಲೌಸ್, ಮುಖದ ಕವಚ, ರಬ್ಬರಿನ ಏಪ್ರನ್ ಹಾಕಿಕೊಂಡು, ಗಾಳಿ ಎಳೆಯುವ ಗೂಡಿನೊಳಗಿಟ್ಟು, ಪ್ಲಾಸ್ಟಿಕ್ ಡಬ್ಬಿಗಳಿಗೆ ಬದಲಾಯಿಸಿದೆ. ಅರ್ಧ ಗಂಟೆ ಸಾಕಾಗಬೇಕಿದ್ದ ಕೆಲಸಕ್ಕೆ ಮೂರು ಗಂಟೆ ಹಿಡಿಯಿತು. ಒಮ್ಮೆ ಮಣಿಕಟ್ಟಿನ ಹತ್ತಿರ ತುರಿಸಿದಂತಾಗಿ, ಎಲ್ಲ ಬಿಟ್ಟು ಹತ್ತು ನಿಮಿಷ ನೀರಿನ ಕೆಳಗೆ ಕೈ ಹಿಡಿದು ನಿಂತೆ. ಏನೂ ಆಗಿರಲಿಲ್ಲ. ಬೆವರು.

ಎಲ್ಲದಕ್ಕೂ ಕೆಂಪು ಚೀಟಿ ಅಂಟಿಸಿದೆ. ಕೆಳಗೆ ಬರೆದೆ: ನೀರು ತಾಗಿಸಬೇಡಿ. ಬಿಸಿ ಬೇಡ. ಗಾಜು ಬೇಡ. ತೆರೆದ ದಿನಾಂಕ ಬರೆಯಿರಿ. ಕೈಗೆ ತಾಗಿದರೆ ನೋವಿಗೆ ಕಾಯಬೇಡಿ. ತೊಳೆದು, ಕ್ಯಾಲ್ಸಿಯಂ ಜೆಲ್ ಹಚ್ಚಿ, ಈ ಚೀಟಿ ಹಿಡಿದು ಆಸ್ಪತ್ರೆಗೆ ಓಡಿ.

ಜೆಲ್ ಇಡೀ ಕಟ್ಟಡದಲ್ಲಿ ಒಂದು ಟ್ಯೂಬೂ ಇಲ್ಲ. ತರಿಸಲು ಬರೆದುಕೊಟ್ಟೆ. ಗುಮಾಸ್ತರು, ವಿಚಾರಣೆ ಮುಗಿಯಲಿ, ಈಗ ತರಿಸಿದರೆ ಮೊದಲು ಯಾಕಿರಲಿಲ್ಲ ಎಂದು ಕೇಳುತ್ತಾರೆ ಎಂದರು.

ಏಪ್ರಿಲ್ 2, ಬುಧವಾರ

 

ವಿಚಾರಣೆಯ ಕಡತಕ್ಕೆ ನನ್ನ ವರದಿ ಸೇರಿಸಲು ಕಚೇರಿಗೆ ಹೋಗಿದ್ದೆ. ಅದರಲ್ಲಿ ಆಗಲೇ ಒಂದು ಹೇಳಿಕೆ ಇತ್ತು. ಟೈಪು ಮಾಡಿದ್ದು. "ಉಗ್ರಾಣದ ಮೇಲ್ವಿಚಾರಕಿಯವರು ಕೈಗವಸು ಧರಿಸುವಂತೆ ನನಗೆ ಸೂಚಿಸಿದ್ದರು. ನಾನು ಧರಿಸಿರಲಿಲ್ಲ. ಆದದ್ದಕ್ಕೆ ನಾನೇ ಹೊಣೆ." ಕೆಳಗೆ ಎಡಗೈಯ ಗೀಚು ಸಹಿ. ಆಪರೇಷನ್ ಆದ ಎರಡನೆಯ ದಿನದ್ದು. ಗುಮಾಸ್ತರು ನಾನಿಲ್ಲದ ಹೊತ್ತು ನೋಡಿ ಆಸ್ಪತ್ರೆಗೆ ಹೋಗಿದ್ದಾರೆ.

ಮನೆಗೆ ಬಂದು ಕೇಳಿದೆ. ಅವಳು ಕಿಟಕಿಯ ಹತ್ತಿರ ಕೂತು ಎಡಗೈಯಲ್ಲಿ ಗುಂಡಿ ಹಾಕುವುದನ್ನು ಕಲಿಯುತ್ತಿದ್ದಳು.

"ಯಾಕೆ ಸಹಿ ಮಾಡಿದೆ?"

"ಇಬ್ಬರಲ್ಲಿ ಒಬ್ಬರಾದ್ರೂ ಕೆಲಸಕ್ಕೆ ಹೋಗ್ಬೇಕಲ್ಲ ಅಕ್ಕಾ. ನನ್ನ ಕೈ ಅಂತೂ ಆಯ್ತು."

ನೀನು ಗ್ಲೌಸ್ ಹಾಕಿದ್ದೆ, ನಾನು ನೋಡಿದ್ದೇನೆ ಎಂದೆ.

"ಬೇಡ ಅಂದವಳು ನೀನು. ನನಗೆ ಅದು ನೆನಪಿಲ್ಲ ಅಂದ್ಕೊಂಡಿದೀಯಾ?"

 ಅವಳು ಗುಂಡಿಯನ್ನೇ ನೋಡುತ್ತ ಹೇಳಿದಳು: "ಕೋಪ ಇಲ್ಲ ಅಂತಲ್ಲ. ತುಂಬಾ ಇದೆ. ಬೆಳಿಗ್ಗೆ ಎದ್ದು ನಿನ್ನ ಮುಖ ನೋಡಿದ್ರೆ ಕೋಪ ಬರುತ್ತೆ. ಆದ್ರೆ ನಿನ್ನ ಕೆಲಸ ಹೋಗ್ಲಿ ಅನ್ನೋವಷ್ಟು ಇಲ್ಲ."

ಆಮೇಲೆ ಗುಂಡಿ ಹಾಕಿಕೊಡಲು ಹೋದೆ. ಬಿಡು ಎಂದಳು. ಬಿಟ್ಟೆ.

ಏಪ್ರಿಲ್ 3, ಗುರುವಾರ

ವರದಿಯ ಕರಡು ಹರಿದುಹಾಕಿದೆ.

ಏಪ್ರಿಲ್ 7, ಸೋಮವಾರ

ತಂಗಿಯ ಜಾಗಕ್ಕೆ ಹೊಸಬಳು ಬಂದಿದ್ದಾಳೆ. ಗಟ್ಟಿಮುಟ್ಟಾದ ಹೆಂಗಸು, ಮಾತು ಹೆಚ್ಚು, ಮೂರು ಮಕ್ಕಳಂತೆ. ಸಿಂಕಿನ ಹತ್ತಿರ ಅವಳಿಗೆ ಕೆಂಪು ಚೀಟಿಯ ಅರ್ಥ ಹೇಳತೊಡಗಿದೆ. ನನ್ನನ್ನು ಸಮಾಧಾನ ಮಾಡುವವಳ ಹಾಗೆ ಕೈ ಎತ್ತಿ ತೋರಿಸಿದಳು. ಅದೇ ತೆಳು ಗ್ಲೌಸ್. "ಹೆದರ್ಬೇಡಿ ಮೇಡಂ. ಮೊದಲಿನವಳು ಗ್ಲೌಸ್ ಹಾಕದೆ ಕೈ ಸುಟ್ಕೊಂಡ್ಳಂತಲ್ಲ, ಆಫೀಸಿನಲ್ಲಿ ಹೇಳಿದ್ರು. ನಾನು ಯಾವಾಗ್ಲೂ ಹಾಕ್ತೀನಿ."

ಗೋಡೆಯಲ್ಲೂ ಹೊಸ ಸೂಚನೆ ಬಂದಿದೆ: ಗ್ಲೌಸ್ ಧರಿಸಿ, ಸುರಕ್ಷಿತವಾಗಿರಿ. ಪಕ್ಕದಲ್ಲಿ ಅದೇ ತೆಳು ಗ್ಲೌಸಿನ ಪೆಟ್ಟಿಗೆ.

ತಂಗಿ ಆ ಕಾಗದಕ್ಕೆ ಸಹಿ ಹಾಕಿದ್ದು ನನಗಾಗಿ. ಆದರೆ ಆ ಕಾಗದವನ್ನು ನಂಬಿ ಕೈ ಇಡುತ್ತಿರುವವಳು ಈ ಹೆಂಗಸು. ಅವಳ ಕೈಯಿಂದ ಬಾಟಲಿ ತೆಗೆದುಕೊಂಡು, ಇವತ್ತಿನ ತೊಳೆಯುವ ಕೆಲಸ ನಿಲ್ಲಿಸಿದೆ. ಯಾಕೆ ಎಂದಳು. ನಾಳೆ ಹೇಳುತ್ತೇನೆ ಎಂದು ಬಂದುಬಿಟ್ಟೆ.

ಏಪ್ರಿಲ್ 8, ಮಂಗಳವಾರ

ವಿಚಾರಣಾ ಸಮಿತಿಗೆ ಪತ್ರ ಬರೆದೆ. ಚೀಟಿ ಅಂಟಿಸಿದವಳು ನಾನು, ಹಾಳೆ ಪೂರ್ತಿ ಓದದವಳು ನಾನು, ಗ್ಲೌಸ್ ಬೇಡ ಎಂದವಳು ನಾನು. ಆದರೂ ಅವಳು ಹಾಕಿದ್ದಳು, ಆ ಗ್ಲೌಸ್ ಸಾಲಲಿಲ್ಲ. ಒಂದೂವರೆ ಪುಟ. ಚೀಲಕ್ಕೆ ಹಾಕಿಕೊಂಡು, ಚಪ್ಪಲಿ ಮೆಟ್ಟಿ ಬಾಗಿಲು ತೆರೆದೆ. ಹೊಸ್ತಿಲಲ್ಲೇ ಚಪ್ಪಲಿ ಬಿಟ್ಟೆ. ಒಳಗೆ ಹೋಗಿ ತಂಗಿಗೆ ಪತ್ರ ಓದಿ ಹೇಳಿದೆ. ಹೊಸ ಹೆಂಗಸಿನ ವಿಷಯವನ್ನೂ ಹೇಳಿದೆ.

"ಕೊಡ್ಲಾ?" ಎಂದು ಕೇಳಿದೆ.

ಅವಳು ನನ್ನನ್ನು ಬಹಳ ಹೊತ್ತು ನೋಡಿದಳು. ನನ್ನ ಮುಖಕ್ಕೆ ಮಸಿಯೇನಾದರೂ ಅಂಟಿದೆಯೋ ಎಂದು ಒರೆಸಿಕೊಂಡೆ.

"ಎರಡು ದಿನ ಕೊಡು" ಎಂದಳು.

ಪತ್ರವನ್ನು ಅವಳ ದಿಂಬಿನ ಪಕ್ಕ ಇಟ್ಟು ಕೆಲಸಕ್ಕೆ ಹೋದೆ. ಹೊಸಬಳಿಗೆ ದಪ್ಪ ಗ್ಲೌಸ್ ಕೊಟ್ಟೆ. ನನ್ನ ಉಗ್ರಾಣದ್ದು, ಒಂದೇ ಜೊತೆ ಇದ್ದದ್ದು.

ಏಪ್ರಿಲ್ 10, ಗುರುವಾರ

ಸಂಜೆ ಚಹಾ ಕುಡಿಯುವಾಗ ತಂಗಿ ಹೇಳಿದಳು: "ಪತ್ರ ಬೇಡ. ನಾನೇ ಬಂದು ಹೇಳ್ತೀನಿ. ಸುಳ್ಳಿಗೆ ಸಹಿ ಹಾಕಿದವಳು ನಾನು, ವಾಪಸ್ ತಗೊಳ್ಳೋದೂ ನಾನೇ. ನೀನು ಪಕ್ಕದಲ್ಲಿ ಕೂತ್ಕೋ. ನಾನು ಮುಗಿಸೋ ತನಕ ಮಧ್ಯೆ ಬಾಯಿ ಹಾಕ್ಬೇಡ."

ಕೆಲಸ ಹೋಗಬಹುದು, ಇಬ್ಬರದ್ದೂ, ಎಂದೆ.

"ಗೊತ್ತು."

ಮಗು ಪಾಠದ ಪುಸ್ತಕದಿಂದ ತಲೆ ಎತ್ತಿ ಇಬ್ಬರನ್ನೂ ನೋಡಿ ಮತ್ತೆ ತಗ್ಗಿಸಿತು.

ಏಪ್ರಿಲ್ 11, ಶುಕ್ರವಾರ

ಸಮಿತಿಯಲ್ಲಿ ಮೂವರಿದ್ದರು: ದೊಡ್ಡ ಸರ್, ಆಡಳಿತಾಧಿಕಾರಿ, ಮತ್ತು ಹೊರಗಿನಿಂದ ಬಂದ ಒಬ್ಬ ವಯಸ್ಸಾದ ರಸಾಯನಶಾಸ್ತ್ರಜ್ಞೆ. ಉದ್ದ ಮೇಜು, ನೀರಿನ ಲೋಟಗಳು, ಫ್ಯಾನಿನ ಸದ್ದು. ತಂಗಿ ಇಸ್ತ್ರಿ ಮಾಡಿದ ಸೀರೆ ಉಟ್ಟಿದ್ದಳು. ಎಡಗೈಯಲ್ಲೇ ನೆರಿಗೆ ಹಿಡಿದಿದ್ದಳು. ಒಂದು ಗಂಟೆ ಹಿಡಿದಿತ್ತು. ನನ್ನನ್ನು ಹತ್ತಿರ ಬಿಟ್ಟಿರಲಿಲ್ಲ.

ನಿಮ್ಮ ಹೇಳಿಕೆ ನಮ್ಮ ಹತ್ತಿರ ಇದೆಯಲ್ಲ, ಮತ್ತೆ ಯಾಕೆ ತೊಂದರೆ ತೆಗೆದುಕೊಂಡಿರಿ ಎಂದರು ಆಡಳಿತಾಧಿಕಾರಿ. ಅವಳು ಕಟ್ಟು ಬಿಚ್ಚಿ ಕೈಯನ್ನು ಮೇಜಿನ ಮೇಲೆ ಇಟ್ಟಳು. ಹೊಲಿಗೆಯ ಗುರುತುಗಳು ಇನ್ನೂ ನೇರಳೆ ಬಣ್ಣದಲ್ಲಿವೆ. ದೊಡ್ಡ ಸರ್ ತಮ್ಮ ಪೆನ್ನಿನ ಕಡೆ ನೋಡಿದರು. ತಂಗಿ ಸೆರಗಿನಿಂದ ಒಂದು ತೆಳು ಗ್ಲೌಸ್ ತೆಗೆದು ಕೈಯ ಪಕ್ಕ ಇಟ್ಟಳು.

"ಆ ಕಾಗದದಲ್ಲಿರೋದು ಸುಳ್ಳು. ಈ ಗ್ಲೌಸ್ ಹಾಕಿದ್ದೆ. ಇದನ್ನ ಹಾಕಿದ್ರೂ ಹೀಗಾಯ್ತು. ಈಗ ನನ್ನ ಜಾಗಕ್ಕೆ ಬಂದವಳಿಗೂ ಇದನ್ನೇ ಕೊಟ್ಟಿದೀರಿ. ನನ್ನ ಸಹಿ ನೋಡಿ ಅವಳು ಇದು ಸಾಕು ಅಂದ್ಕೊಂಡಿದಾಳೆ. ಆ ಸಹಿ ವಾಪಸ್ ಕೊಡಿ."

ಅಷ್ಟೇ. ಒಂದು ನಿಮಿಷವೂ ಆಗಿರಲಿಕ್ಕಿಲ್ಲ. ಆಮೇಲೆ ನನ್ನ ಕಡೆ ತಿರುಗಿ ತಲೆಯಾಡಿಸಿದಳು. ನಾನು ಎದ್ದು ನನ್ನದನ್ನು ಹೇಳಿದೆ. ಕುರ್ಚಿಯ ಬೆನ್ನು ಹಿಡಿದು ನಿಂತಿದ್ದೆ ಎಂದು ಆಮೇಲೆ ಗೊತ್ತಾಯಿತು. ಆಸ್ಪತ್ರೆಯಲ್ಲಿ ಮೊದಲ ದಿನ ವೈದ್ಯರಿಗೆ ಅದು ಸಾಧು ವಸ್ತು ಎಂದು ಹೇಳಿದ್ದನ್ನೂ ಹೇಳಿದೆ. ಅದನ್ನು ಹೇಳೆಂದು ಯಾರೂ ಕೇಳಿರಲಿಲ್ಲ. ತಂಗಿಗೂ ಅದು ಹೊಸ ವಿಷಯ. ಆ ದಿನ ಅವಳಿಗೆ ನೋವಿನಲ್ಲಿ ಏನೂ ಕೇಳಿಸಿರಲಿಲ್ಲ.

ರಸಾಯನಶಾಸ್ತ್ರಜ್ಞೆ ಸುರಕ್ಷತಾ ಹಾಳೆ ಎತ್ತಿ ಹಿಡಿದು, ಈ ವಸ್ತುವನ್ನು ತರಿಸಿದವರಲ್ಲಿ, ಬಳಸಿದವರಲ್ಲಿ, ಇಟ್ಟವರಲ್ಲಿ ಇದನ್ನು ಪೂರ್ತಿ ಓದಿದವರು ಯಾರು ಎಂದು ಕೇಳಿದರು.  ಇದು ಹಸಿರು ದ್ರಾವಕ, ಪರಿಸರಕ್ಕೂ ಕೈಗೂ ಏನೂ ಮಾಡುವುದಿಲ್ಲ ಎಂದು ಬಾಟಲಿ ಬಂದ ದಿನ ನನಗೆ ಹೇಳಿದ ದೊಡ್ಡ ಸರ್ ಎದುರಿಗೇ ಕೂತಿದ್ದರು. ಹೇಳುತ್ತಾರೆ ಎಂದು ಕಾದೆ. ಅವರು ಲೋಟದ ನೀರು ಕುಡಿದರು.

ಬಸ್ಸಿನಲ್ಲಿ ತಂಗಿ ಕಿಟಕಿಯ ಕಡೆ ಕೂತಳು. ಮನೆ ಬರುವ ತನಕ ಮಾತಾಡಲಿಲ್ಲ.

ಏಪ್ರಿಲ್ 12, ಶನಿವಾರ

ಮಾತಾಡಲಿಲ್ಲ.

ಏಪ್ರಿಲ್ 14, ಸೋಮವಾರ

ಇವತ್ತು ಬೆಳಿಗ್ಗೆ ಬಂದು ಮಂಚದ ತುದಿಯಲ್ಲಿ ಕೂತು ಕೇಳಿದಳು. "ಆಸ್ಪತ್ರೆಯಲ್ಲಿ ನೀನು ಹಾಗೆ ಹೇಳದೇ ಇದ್ದಿದ್ರೆ ಬೆರಳು ಉಳೀತಿತ್ತಾ?"

ಗೊತ್ತಿಲ್ಲ, ಒಂದು ಉಳಿಯುತ್ತಿತ್ತೇನೋ ಎಂದೆ. ವೈದ್ಯೆ ಹೇಳಿದ್ದನ್ನು ಇದ್ದದ್ದು ಇದ್ದ ಹಾಗೆ ಹೇಳಿದೆ. ಅವಳು ಕೇಳಿಸಿಕೊಂಡು ಎದ್ದು ಹೋದಳು. ಸ್ವಲ್ಪ ಹೊತ್ತಿಗೆ ಅಡುಗೆಮನೆಯಲ್ಲಿ ಪಾತ್ರೆ ಬಿದ್ದ ಸದ್ದು. ಒಂದಲ್ಲ, ಮೂರು ನಾಲ್ಕು. ಬಿದ್ದದ್ದಲ್ಲ, ಎಸೆದದ್ದು. ನಾನು ಹೋಗಲಿಲ್ಲ. ಮಗು ಹೋಗಿ ಎಲ್ಲ ಎತ್ತಿಟ್ಟಿತು.

ಏಪ್ರಿಲ್ 21, ಸೋಮವಾರ

ಆದೇಶ ಬಂತು. ತಂಗಿಗೆ ಕೆಲಸದಿಂದ ಸಹಾನುಭೂತಿ ಸಹಿತ ಬಿಡುಗಡೆ. ಆ ಪದವನ್ನು ಎರಡು ಸಲ ಓದಿದೆ. ನನ್ನನ್ನು ಉಗ್ರಾಣದಿಂದ ತೆಗೆದು ಗಾಜಿನ ಸಾಮಾನು ತೊಳೆಯುವ ವಿಭಾಗಕ್ಕೆ ಹಾಕಿದ್ದಾರೆ. ದೊಡ್ಡ ಸರ್ ಹೆಸರಿನ ಎದುರಿಗೆ, ಮುಂದೆ ಎಚ್ಚರ ವಹಿಸತಕ್ಕದ್ದು ಎಂದು ಒಂದು ಸಾಲು. ಅವರು ಯಾವುದೋ ಸಮ್ಮೇಳನಕ್ಕೆ ಹೋಗಿದ್ದಾರೆ.

ಆದೇಶದ ಕೊನೆಯಲ್ಲಿ ರಸಾಯನಶಾಸ್ತ್ರಜ್ಞೆ ಸೇರಿಸಿದ್ದು: ಪ್ರತಿ ಸಿಂಕಿನ ಬಳಿ ಕ್ಯಾಲ್ಸಿಯಂ ಜೆಲ್ ಇರಬೇಕು, ದಪ್ಪ ಗ್ಲೌಸ್ ಇರಬೇಕು, ಹಳೆಯ ಅಯಾನಿಕ್ ಲಿಕ್ವಿಡ್ ಯಾವುದನ್ನೂ ತೊಳೆಯಲು ಕೊಡಬಾರದು. ಜೆಲ್ ಬಂದಿದೆ. ಹೊಸಬಳು ಅದನ್ನು ಹಲ್ಲುಜ್ಜುವ ಪೇಸ್ಟ್ ಎಂದುಕೊಂಡಿದ್ದಳಂತೆ. ಅವಳೂ ನಾನೂ ನಕ್ಕೆವು.

ಏಪ್ರಿಲ್ 22, ಮಂಗಳವಾರ

ಸಿಂಕಿನಲ್ಲಿ ಮೊದಲ ದಿನ. ಹೊರಡುವಾಗ ತಂಗಿ ಬಾಗಿಲ ತನಕ ಬಂದು, ಗ್ಲೌಸ್ ಹಾಕುವ ಮೊದಲು ಅದರ ಬಾಯಿ ತಿರುಚಿ ಒಳಗೆ ಗಾಳಿ ಸಿಕ್ಕಿಸಿ ನೀರಲ್ಲಿ ಅದ್ದಿ ನೋಡಬೇಕು, ಗುಳ್ಳೆ ಬಂದರೆ ತೂತಿದೆ ಎಂದು ಅರ್ಥ, ಬಿಸಾಡಬೇಕು ಎಂದಳು. ಆರು ವರ್ಷ ಅವಳು ಹಾಗೆ ನೋಡಿಕೊಂಡೇ ಹಾಕುತ್ತಿದ್ದಳಂತೆ. ಉಗ್ರಾಣದಲ್ಲಿ ಕೂತವಳಿಗೆ ಅದು ಕಂಡಿರಲಿಲ್ಲ. ಹಾಗೇ ಮಾಡಿದೆ. ಎಂಬತ್ತು ಫ್ಲಾಸ್ಕ್, ಮೂವತ್ತು ಬೀಕರ್. ಸೊಂಟ ಹಿಡಿದುಕೊಂಡಿದೆ.

ಸಂಜೆ ಮನೆಗೆ ಬಂದು ಕೈಕಾಲು ತೊಳೆದು ಬರುವಷ್ಟರಲ್ಲಿ ತಂಗಿ ದೀಪದ ಕೆಳಗೆ ಎರಡು ಕುರ್ಚಿ ಎದುರುಬದುರು ಹಾಕಿದ್ದಳು. ಕೂತ್ಕೋ, ಕೈ ತೋರಿಸು ಎಂದಳು. ತೋರಿಸಿದೆ. ನನ್ನ ಬಲಗೈ ಹೆಬ್ಬೆರಳಿನಿಂದ ಶುರುಮಾಡಿ ಒಂದೊಂದೇ ಉಗುರಿನ ತುದಿಯನ್ನು ತನ್ನ ಮೋಟು ಬೆರಳಿನಿಂದ ಒತ್ತಿ ನೋಡಿದಳು.

"ಉರಿ ಇದೆಯಾ?"

"ಇಲ್ಲ."

"ಒಳಗೆ? ಸೂಜಿ ಚುಚ್ಚಿದ ಹಾಗೆ?"

"ಇಲ್ಲ."

"ಸುಳ್ಳು ಹೇಳ್ಬೇಡ."

"ಇಲ್ಲ ಕಣೇ."

ಹತ್ತನ್ನೂ ನೋಡಿದಳು. ಬೆಳಕಿಗೆ ಹಿಡಿದು ಇನ್ನೊಂದು ಸಲ ನೋಡಿದಳು. ಆಮೇಲೆ ಕೈ ಬಿಟ್ಟು, ಸರಿ, ನಾಳೇನೂ ತೋರಿಸಬೇಕು, ಈಗ ಹೋಗಿ ಊಟಕ್ಕೆ ಕೂತ್ಕೋ ಎಂದಳು.

ಹೋಗಿ ಕೂತೆ.